ಗೋಡೆಯ ಮೇಲೆ ಬರೆದ ತವರು

'ತಾಯಿ ಇಲ್ಲದವಳಿಗೂ ಇದು ತವರು.' ಈ ಸಾಲು ನನ್ನದು. ಯಾವುದೋ ಜಾಹೀರಾತು ಏಜೆನ್ಸಿಯವರು ಬರೆದುಕೊಟ್ಟದ್ದು ಎಂದು ಆಮೇಲೆ ಆಸ್ಪತ್ರೆಯವರು ಹೇಳಿಕೊಂಡು ತಿರುಗಿದರು. ಸುಳ್ಳು. ತೊಂಬತ್ತರ ದಶಕದ ಶುರುವಿನಲ್ಲಿ, ಹಲಸೂರಿನ ಒಂದು ಕಾಂಪೌಂಡ್ ಗೋಡೆಗೆ ಬಳಿದ ಸುಣ್ಣ ಒಣಗಲಿ ಎಂದು ಬೀಡಿ ಸೇದುತ್ತಾ ಕೂತಿದ್ದಾಗ ನನಗೆ ಹೊಳೆದದ್ದು ಅದು. ಮೊಳದುದ್ದದ ಅಕ್ಷರಗಳಲ್ಲಿ, ನೀಲಿ ಬಣ್ಣದಲ್ಲಿ ನಾನೇ ಬರೆದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಕ್ಷರ ಬಿಟ್ಟವನಲ್ಲ. ಶಿವಾಜಿನಗರದ ಬೋರ್ಡ್ ಪೇಂಟರ್ ಒಬ್ಬರ ಕೈಕೆಳಗೆ ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕನ್ನೂ ಬ್ರಷ್ಷಿನಲ್ಲೇ ಕಲಿತೆ. ನನಗೆ ಓದಲು ಬಾರದ ಭಾಷೆಯಲ್ಲೂ ನಾನು ಬರೆದ ಬೋರ್ಡುಗಳಿದ್ದವು, ಒಂದರಲ್ಲೂ ತಪ್ಪು ಹಿಡಿದವರಿಲ್ಲ.

ಆ ಗೋಡೆ ಬರೆಸಿದವರು ಒಬ್ಬ ಡಾಕ್ಟರಮ್ಮ. ಹಲಸೂರಿನಲ್ಲಿ ಮರದ ಮುಂಚಾಚಿನ ಮಂಕಿಟಾಪ್ ಕಿಟಕಿಗಳ ಒಂದು ಹಳೇ ಮನೆಯನ್ನು ಬಾಡಿಗೆಗೆ ಹಿಡಿದು, ಕೆಲವು ಮಂಚ ಹಾಕಿಕೊಂಡು ಹೆರಿಗೆ ಆಸ್ಪತ್ರೆ ಶುರು ಮಾಡಿದ್ದರು. ನನ್ನ ಮಗಳು ಅಲ್ಲೇ ಹುಟ್ಟಿದ್ದು. ನನ್ನ ಹೆಂಡತಿಗೆ ತಾಯಿ ಇರಲಿಲ್ಲ, ನನಗೂ ಇರಲಿಲ್ಲ. ನೋವು ತಿನ್ನುವವಳ ಕೈ ಹಿಡಿದು ಕೂರಲು ಮನೆಯಲ್ಲಿ ಹೆಂಗಸು ಎಂಬ ಜೀವವೇ ಇಲ್ಲ. ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ತಾವೇ ಕೂತರು. ಹೆರಿಗೆಯಾದ ಮೇಲೆ ಅವರ ಮನೆಯಿಂದಲೇ ಫ್ಲಾಸ್ಕಿನಲ್ಲಿ ಗಂಜಿ ಬಂತು. ಗೋಡೆಗೆ ಏನು ಬರೆಯೋಣ ಎಂದು ಅವರು ಕೇಳಿದಾಗ ನಾನು ತಲೆ ಕೆರೆದುಕೊಳ್ಳಬೇಕಾಗಿ ಬರಲಿಲ್ಲ. ಕಂಡದ್ದನ್ನು ಬರೆದೆ.

ಆಸ್ಪತ್ರೆ ಬೆಳೆಯಿತು. ಇಂದಿರಾನಗರದಲ್ಲಿ ಗಾಜಿನ ಕಟ್ಟಡ ಎದ್ದಿತು, ಆಮೇಲೆ ಕೆ.ಆರ್. ಪುರದಲ್ಲಿ ಇನ್ನೊಂದು ಬ್ರಾಂಚ್. ಅಷ್ಟರಲ್ಲಿ ಫ್ಲೆಕ್ಸ್ ಬಂದು, ಬ್ರಷ್ ಹಿಡಿದವರೆಲ್ಲ ಮೂಲೆಗೆ ಬಿದ್ದಿದ್ದೆವು. ಡಾಕ್ಟರಮ್ಮ ಕರೆದು, ನಿಂಗೆ ಬೀದಿಬೀದಿಯೂ ಗೊತ್ತು, ನಮ್ಮ ಫೀಲ್ಡ್ ಕೆಲಸ ನೋಡ್ಕೋ ಅಂದರು. ಆಸ್ಪತ್ರೆಯ ಗುರುತು ಇರುವ ತಿಳಿನೀಲಿ ಶರ್ಟು, ಒಂದು ಮೊಪೆಡ್. ಶಿವಾಜಿನಗರದಿಂದ ಹೊರಮಾವಿನವರೆಗೆ ನನ್ನ ರಾಜ್ಯ.

ಗರ್ಭಿಣಿ ಯಾರು ಎಂಬುದು ಬೀದಿಯಲ್ಲಿ ಎಲ್ಲರಿಗಿಂತ ಮೊದಲು ತಿಳಿಯುವುದು ಬಳೆ ಅಂಗಡಿಗೆ. ಒಬ್ಬರು ಸೀಮಂತ ಅನ್ನುತ್ತಾರೆ, ಹಲಸೂರಿನ ತಮಿಳರು ವಳೈಕಾಪು ಅನ್ನುತ್ತಾರೆ, ರಾಯಚೂರು, ಯಾದಗಿರಿ ಕಡೆಯವರು ಕುಬಸ ಅನ್ನುತ್ತಾರೆ; ಹೆಸರು ಏನಿದ್ದರೂ ಹಸಿರು ಬಳೆ ಬೇಕೇ ಬೇಕು. ಶಿವಾಜಿನಗರದ ಸಂದಿಯೊಂದರಲ್ಲಿ ಬಳೆ ಮಾರುತ್ತಿದ್ದ ಮುದುಕಿಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಯಾವ ಬೀದಿಯಲ್ಲಿ ಯಾರ ಮನೆಗೆ ಬಳೆ ಹೋಯಿತು ಎಂದು ಆಕೆ ನನಗೆ ಹೇಳುವಳು. ಆದರೆ ಪ್ರತಿ ಸಲವೂ ಅದೇ ಎಚ್ಚರಿಕೆ.

"ಪೇಟ್ ಕಿ ಬಾತ್ ಹೈ ಬಾವಾ, ಬಾಜಾ ನಕ್ಕೋ ಬಜಾ."

ಹೊಟ್ಟೆಯೊಳಗಿನ ವಿಷಯ, ತಮಟೆ ಬಾರಿಸಬೇಡ ಅಂತ. ನಾನು ಬಾರಿಸಲಿಲ್ಲ. ಮನೆಯ ಹಿರಿಯ ಹೆಂಗಸನ್ನು ಕಂಡು, ಜಗಲಿಯ ಮೇಲೆ ಕೂತು, ಊರು ಕೇರಿ ಮಾತಾಡಿ, ಎದ್ದು ಬರುವಾಗ ಆಸ್ಪತ್ರೆಯ ಹೆಸರು ಹೇಳುತ್ತಿದ್ದೆ. ಅಷ್ಟೇ ನನ್ನ ಮಾರ್ಕೆಟಿಂಗು. ಅದರಿಂದಲೇ ಮಂಚಗಳು ತುಂಬುತ್ತಿದ್ದವು.

ಬ್ರಾಂಚ್‌ಗಳು ಹೆಚ್ಚಿದ ಮೇಲೆ ಒಬ್ಬ ರೀಜನಲ್ ಮಾರ್ಕೆಟಿಂಗ್ ಮ್ಯಾನೇಜರ್ ಬಂದ. ದಾವಣಗೆರೆ ಕಡೆಯ ಹುಡುಗ, ಎಂಬಿಎ ಓದಿದವನು. ನನ್ನನ್ನು 'ನೀವು' ಎಂದೇ ಮಾತಾಡಿಸುತ್ತಿದ್ದ, ಟೀ ತರಿಸುತ್ತಿದ್ದ. ಮೊದಮೊದಲು ಅವನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಅವನ ಹೆಂಡತಿ ಬಸುರಿ ಎಂಬ ಸುದ್ದಿಯನ್ನು ಆಫೀಸಿನಲ್ಲಿ ನನ್ನೊಬ್ಬನಿಗೆ ಹೇಳಿದ್ದ, ಅದೂ ಖಾಲಾ ಅಂಗಡಿಯಿಂದ ಬಳೆ ತಂದುಕೊಡಬೇಕಿತ್ತು ಎಂಬ ಕಾರಣಕ್ಕೆ. ಬಳೆಯ ಡಬ್ಬಿಗಳನ್ನು ಅವನ ಮನೆಗೆ ತಲುಪಿಸಿದಾಗ, ಫೋಟೋದವನು ಬೇಕೇ, ನಮ್ಮ ಕಡೆ ಒಳ್ಳೆಯವನಿದ್ದಾನೆ ಎಂದು ಸುಮ್ಮನೆ ಕೇಳಿದೆ.

"ಬೇಡಪ್ಪಾ. ನಮ್ಮಮ್ಮ ಕ್ಯಾಮೆರಾನ ಹೊಸಲು ದಾಟೋಕೇ ಬಿಡಲ್ಲ, ದೃಷ್ಟಿ ಆಗುತ್ತೆ ಅಂತಾರೆ. ಯಾಕ್ ಬೇಕು ರಿಸ್ಕು," ಅಂದ.

ಸರಿಯಾದ ಮಾತು ಅನ್ನಿಸಿತು. ನೆನಪಿನಲ್ಲಿಟ್ಟುಕೊಂಡೆ.

ಕೆ.ಆರ್. ಪುರದ ಬ್ರಾಂಚು ಮಾತ್ರ ತುಂಬುತ್ತಿರಲಿಲ್ಲ. ಅಲ್ಲಿ ಸುತ್ತಲೂ ಇದ್ದವರು ಬಡಗಣ ಜಿಲ್ಲೆಗಳಿಂದ ಬಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಜನ. ಶೀಟಿನ ಮನೆಗಳ ಸಾಲು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಹೆರಿಗೆ ಹತ್ತಿರ ಬಂದರೆ ಹೆಂಗಸರು ರೈಲು ಹತ್ತಿ ತವರಿಗೆ ಹೋಗಿಬಿಡುತ್ತಿದ್ದರು. ಅವರನ್ನು ಹಿಡಿದಿಡಲು ಮ್ಯಾನೇಜರ್ ಒಂದು ಉಪಾಯ ತೆಗೆದ: ಆಸ್ಪತ್ರೆಯ ವತಿಯಿಂದ ಸಾಮೂಹಿಕ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಹೋಳಿಗೆ ಊಟ, ಪುಕ್ಕಟೆ ತಪಾಸಣೆ. ಕರೆತರುವ ಕೆಲಸ ನನ್ನದು.

ಹೊರಮಾವಿನ ಅಂಥ ಒಂದು ಸಾಲಿನಲ್ಲಿ ಸೆಂಟ್ರಿಂಗ್ ಕೆಲಸದವನೊಬ್ಬನಿದ್ದ, ರಾಯಚೂರು ಕಡೆಯವನು. ಅವನ ಹೆಂಡತಿಗೆ ಅದು ಮೂರನೇ ಬಸಿರು. ಮೊದಲಿನ ಎರಡೂ ಊರಲ್ಲಿ ಹೆರಿಗೆಯ ಹೊತ್ತಿಗೇ ಹೋಗಿದ್ದವು. ಈ ಸಲ ಅತ್ತೆ ತಾನೇ ಊರಿನಿಂದ ಬಂದು ಸೊಸೆಯನ್ನು ಕಾಯುತ್ತಾ ಕೂತಿದ್ದಳು. ನಲ್ಲಿಯ ಹತ್ತಿರ ಹೋಗುವಾಗ ಸೆರಗು ಹೊದಿಸಿ ಕರೆದೊಯ್ಯುವಳು, ಎಷ್ಟು ತಿಂಗಳು ಎಂದು ಯಾರಾದರೂ ಕೇಳಿದರೆ ತಪ್ಪು ಲೆಕ್ಕ ಹೇಳುವಳು. ಸೊಸೆಯ ಕಾಲು ಬಾತುಕೊಂಡಿತ್ತು. ತಪಾಸಣೆಗೆಂದು ಆ ಸಾಲಿಗೇ ಬಂದಿದ್ದ ನಮ್ಮ ಬ್ರಾಂಚಿನ ಸಣ್ಣ ಡಾಕ್ಟರು ನೋಡಿ, ಬಿ.ಪಿ. ಜಾಸ್ತಿ ಇದೆ, ರೈಲು ಗೀಲು ಬೇಡವೇ ಬೇಡ, ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಅತ್ತೆಗೆ ಆಸ್ಪತ್ರೆ ಎಂದರೆ ನಂಬಿಕೆಯಿಲ್ಲ. ನಿಲ್ಲದ ಬಸಿರನ್ನು ಅವರ ಕೈಗೆ ಕೊಡುವುದಕ್ಕಿಂತ ಊರ ದೇವರ ಮುಂದೆ ಇಡುತ್ತೇನೆ ಅನ್ನುತ್ತಿದ್ದಳು.

ನಾನು ಬಿಡಲಿಲ್ಲ. ಆ ಮನೆಗೆ ಹೋಗುತ್ತಲೇ ಇದ್ದೆ. ಹೀಗೇ ಒಂದು ದಿನ ಅತ್ತೆಯ ಬಾಯಿಂದ ಒಳಗಿನ ಮಾತು ಬಂತು. ಸೊಸೆಗೆ ತಾಯಿ ಇರಲಿಲ್ಲ, ತವರು ಅಂತ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಕುಬಸ ಮಾಡಬೇಕಾದವರು ತವರಿನವರು. ಎರಡು ಬಸಿರಿಗೂ ಯಾರೂ ಮಾಡಲಿಲ್ಲ, ಅದಕ್ಕೇ ನಿಲ್ಲಲಿಲ್ಲ ಎಂದು ಅತ್ತೆಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆಸ್ಪತ್ರೆಯೇ ಕುಬಸ ಮಾಡುತ್ತದೆ, ಖಾಲಾ ತನ್ನ ಕೈಯಾರೆ ಬಳೆ ತೊಡಿಸುತ್ತಾಳೆ ಎಂದೆ. ಒಲೆಯ ಮುಂದೆ ಕೂತಿದ್ದ ಸೊಸೆ ತಲೆ ಎತ್ತಿ ನೋಡಿದಳು. ಅತ್ತೆ ಒಂದೇ ಒಂದು ಕರಾರು ಹಾಕಿದಳು.

"ಫೋಟೋ ಗೀಟೋ ಹೊಡಿಯಂಗಿಲ್ಲ ನೋಡ್ರಿ ಅಣ್ಣಾರ. ಆಕಿ ಹೊಟ್ಟಿ ಮ್ಯಾಲೆ ಮಂದಿ ಕಣ್ಣು ಬೀಳಬಾರ್ದು."

ಹೊಡೆಯುವುದಿಲ್ಲ ಎಂದು ಮಾತು ಕೊಟ್ಟುಬಂದೆ. ಬಾಯಿಮಾತಿಗೆ ಕೊಟ್ಟದ್ದಲ್ಲ, ಹೋಗಿ ಮ್ಯಾನೇಜರನ್ನೂ ಕೇಳಿದೆ. ಆ ಎರಡು ಬಸಿರಿನ ಕತೆಯನ್ನೂ ಹೇಳಿದೆ. ಅವನು ನಗುತ್ತಾ, "ನಂಗೊತ್ತಿಲ್ವಾ? ನಮ್ಮನೇದೇ ನೋಡಿದೀರಲ್ಲ. ನೀವು ಕರ್ಕೊಂಡ್ ಬನ್ನಿ," ಅಂದ.

ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ಹಸಿರು ಸೀರೆ ಉಟ್ಟ ಹೆಂಗಸರು ಸಾಲಾಗಿ ಕೂತಿದ್ದರು. ಮೂಲೆಯಲ್ಲಿ ಕ್ಯಾಮೆರಾದವರು ಕಂಡರು. ಹೋಗಿ ಕೇಳಿದರೆ, ವೇದಿಕೆ ಮೇಲಿನ ಗಣ್ಯರದ್ದು ಮಾತ್ರ ಎಂದರು. ನಂಬಿ ಊಟದ ವ್ಯವಸ್ಥೆ ನೋಡಲು ಹೋದೆ. ತಿರುಗಿ ಬಂದಾಗ ಖಾಲಾ ಹೊರಮಾವಿನ ಆ ಸೊಸೆಯ ಕೈಯನ್ನು ಹಿಡಿದು ಗೆಣ್ಣುಗಳನ್ನು ಒತ್ತಿ ಒತ್ತಿ ಬಳೆ ಏರಿಸುತ್ತಿದ್ದಳು. ಕೊನೆಯದು ಸುಲಭಕ್ಕೆ ಏರಲಿಲ್ಲ.

"ಏನ್ ಬೇಟಾ, ಸೆಂಟ್ರಿಂಗ್ ಕೆಲ್ಸ ಗಂಡಂದಾ, ನಿಂದಾ?"

ಅದಕ್ಕೆ ಅವಳು ನಕ್ಕಳು. ಅಷ್ಟು ದಿನದಲ್ಲಿ ನಾನು ಅವಳ ಹಲ್ಲು ಕಂಡದ್ದು ಅದೇ ಮೊದಲು. ಮುಖ ಎತ್ತಿ, ಬಳೆ ತುಂಬಿದ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಬಾಯ್ತುಂಬ ನಕ್ಕಳು.

ಆ ನಗುವೇ ಕೆಲವು ದಿನಗಳ ಮೇಲೆ ಕೆ.ಆರ್. ಪುರದ ಬಸ್ ಸ್ಟಾಪಿನ ನೆತ್ತಿಯ ಮೇಲೆ ನಿಂತಿತ್ತು. ಹಳೇ ಮದ್ರಾಸ್ ರಸ್ತೆಯಲ್ಲಿ ಹೋಗುವ ಪ್ರತಿ ಬಸ್ಸು, ಲಾರಿ, ಟೆಂಪೊ ಅದರ ಕೆಳಗೇ ಹೋಗಬೇಕು. ಆಳೆತ್ತರದ ಮುಖ, ಅದಕ್ಕಿಂತ ದೊಡ್ಡ ಹೊಟ್ಟೆ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ನನ್ನ ಸಾಲು: ತಾಯಿ ಇಲ್ಲದವಳಿಗೂ ಇದು ತವರು. ಮೊಪೆಡ್ ನಿಲ್ಲಿಸಿದೆ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದರೂ ಕೇಳಿಸಲಿಲ್ಲ. ನನ್ನ ಬಾಯಿಂದ ಮಾತು ಕೊಡಿಸಿ, ನನ್ನ ಅಕ್ಷರದಿಂದಲೇ ಅದನ್ನು ಮುರಿದಿದ್ದರು.

ಹೊರಮಾವಿಗೆ ಓಡಿದೆ. ಸುದ್ದಿ ನನಗಿಂತ ಮೊದಲು ಹೋಗಿತ್ತು. ಅವಳ ಗಂಡನ ಜೊತೆಯವರು ಟೆಂಪೊದಲ್ಲಿ ಬರುವಾಗ ನೋಡಿ, ನಿನ್ನ ಹೇಣ್ತಿ ಸಿನಿಮಾದಾಗ ಸೇರ್ಯಾಳೇನಲೇ ಎಂದು ಆಡಿಕೊಂಡಿದ್ದರಂತೆ. ಅವನು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಅತ್ತೆ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮರುದಿನದ ರೈಲಿಗೆ ಊರಿಗೆ ಹೊರಡುವುದೆಂದು ತೀರ್ಮಾನವಾಗಿತ್ತು.

ನಾನು ರೈಲಿನ ಮಾತೆತ್ತಿದೆ. ಡಾಕ್ಟರು ಏನು ಹೇಳಿದ್ದರು ಎಂದು ನೆನಪಿಸಿದೆ. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎರಡು ಹೋಗ್ಯಾವ್ರಿ ನಮ್ಮವು. ನಿಮಗ ಹೇಳಿರ್ಲಿಲ್ಲೇನು?" ಅಂದಳು. ಚೀಲದ ಬಾಯಿ ಕಟ್ಟುತ್ತಾ ಮತ್ತೆ ಹೇಳಿದಳು: "ಮದ್ಲ ಆಕಿ ಮಾರಿ ಇಳಸ್ರಿ. ಆಮ್ಯಾಲೆ ಮಾತು."

ಮ್ಯಾನೇಜರ್ ಇಂದಿರಾನಗರದ ಆಫೀಸಿನಲ್ಲಿದ್ದ. ಯಾವತ್ತಿನಂತೆ ಟೀ ಹೇಳಿದ. ನನಗೆ ಟೀ ಬೇಡ, ಆ ಫ್ಲೆಕ್ಸ್ ಇವತ್ತೇ ಇಳಿಯಬೇಕು ಎಂದೆ. ತಿಂಗಳಿಗೆಂದು ಜಾಗ ಹಿಡಿದಿದ್ದೇವೆ, ಮಧ್ಯದಲ್ಲಿ ಇಳಿಸೋಕಾಗಲ್ಲ ಎಂದ. ಅವಳು ತಾನಾಗಿ ಬಂದು ಕೂತಳು, ಸೀರೆ ತಗೊಂಡಳು, ಇನ್ನೇನು ತಕರಾರು ಎಂದ. ಇಡೀ ಕಾರ್ಯಕ್ರಮದಲ್ಲಿ ಅಂಥ ನಗು ಇನ್ನೊಂದು ಸಿಗಲಿಲ್ಲ ಎಂದೂ ಹೇಳಿದ, ನನಗೆ ಖುಷಿಯಾಗಬೇಕು ಎಂಬಂತೆ. ಆಗ ನಾನು ಕೇಳಿದೆ: ನಿಮ್ಮ ಮನೆಯ ಸೀಮಂತದಲ್ಲಿ ಕ್ಯಾಮೆರಾ ಯಾಕೆ ಒಳಗೆ ಬರಲಿಲ್ಲ?

ಅವನು ಕಂಪ್ಯೂಟರಿನ ಕಡೆ ತಿರುಗಿದ.

"ಅದು ಬೇರೆ, ಇದು ಬೇರೆ."

ಇಷ್ಟು ವರ್ಷ ಕಳೆದ ಮೇಲೂ ಈ ಮಾತು ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ. ಅವನು ತಿಳಿಯದೆ ಮಾಡಿದ್ದರೆ ತಿಳಿಸಿ ಹೇಳಬಹುದಿತ್ತು. ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ತನ್ನ ಮನೆಯ ಹೊಸಲಿಗೆ ಇದ್ದ ಭಯ ಶೀಟಿನ ಮನೆಗೆ ಇರಬೇಕಾಗಿಲ್ಲ ಎಂದುಕೊಂಡಿದ್ದ. ದೃಷ್ಟಿ ಎಂಬುದು ನಿಜವೋ ಸುಳ್ಳೋ, ಅದನ್ನು ನಾನು ಇಲ್ಲಿ ವಾದಿಸುತ್ತಿಲ್ಲ. ಅವನ ತಾಯಿಯ ಭಯಕ್ಕೆ ಮರ್ಯಾದೆ ಇದೆ, ಆ ಅತ್ತೆಯ ಭಯಕ್ಕೆ ಇಲ್ಲವೆಂದರೆ, ಅದಕ್ಕೆ ಓದು ಯಾಕೆ ಬೇಕಿತ್ತು?

ಮೇಲಿನ ಮಹಡಿಗೆ ಹೋಗಿ ಡಾಕ್ಟರಮ್ಮನನ್ನು ಕಂಡೆ. ಹೊರಗೆ ಕಾಯಿಸಿ ಒಳಗೆ ಬಿಟ್ಟರು. ಕೂದಲು ನೆರೆತಿತ್ತು, ಮೇಜು ದೊಡ್ಡದಾಗಿತ್ತು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಅವಳ ಬಿ.ಪಿ. ಎಷ್ಟಿದೆ, ತಲೆನೋವು ಅಂತಾಳಾ, ಕಣ್ಣು ಮಂಜಾಗುತ್ತಾ ಎಂದು ವಿಚಾರಿಸಿದರು. ತಲೆನೋವು ಶುರುವಾದರೆ ಒಂದು ಗಳಿಗೆಯೂ ತಡಮಾಡಬೇಡ ಅಂದರು. ಹಳೇ ಡಾಕ್ಟರಮ್ಮ ಸಿಕ್ಕಿದರು ಎಂದುಕೊಂಡೆ. ಫ್ಲೆಕ್ಸ್ ಇಳಿಸಲು ಒಂದು ಫೋನ್ ಮಾಡಿ ಅಮ್ಮಾ ಎಂದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಅದನ್ನೆಲ್ಲ ಈಗ ಅವರೇ ನೋಡ್ಕೋತಾರಪ್ಪ."

ಫೋನು ಅವರ ಮೊಣಕೈ ಪಕ್ಕದಲ್ಲೇ ಇತ್ತು. ನನ್ನ ಹೆಂಡತಿಯ ಕೈ ಹಿಡಿದು ಕೂತ ಕೈ ಅದು. ಆ ಋಣ ನಾನು ಮರೆತಿಲ್ಲ, ಆ ಫೋನನ್ನೂ ಮರೆತಿಲ್ಲ.

ಅಲ್ಲಿಂದ ನೇರ ಕೆ.ಆರ್. ಪುರಕ್ಕೆ ಬಂದೆ. ಮಧ್ಯಾಹ್ನದ ಉರಿಬಿಸಿಲು. ಫ್ಲೆಕ್ಸ್ ಕತ್ತರಿಸುವ ಬ್ಲೇಡನ್ನು ಹಗ್ಗದ ಜೊತೆ ಸೊಂಟಕ್ಕೆ ಸಿಕ್ಕಿಸಿ ಹೋರ್ಡಿಂಗಿನ ಕಬ್ಬಿಣ ಹತ್ತಿದೆ. ಹರೆಯದಲ್ಲಿ ಸಿನಿಮಾ ಬ್ಯಾನರಿಗೆ ಬಣ್ಣ ಹಚ್ಚಲು ಇದಕ್ಕಿಂತ ಎತ್ತರ ಹತ್ತಿದ್ದೇನೆ, ಆದರೆ ಆಗ ಮೈ ಹಗುರವಿತ್ತು. ಕಾದ ಕಬ್ಬಿಣ ಅಂಗೈ ಸುಡುತ್ತಿತ್ತು. ಕೆಳಗೆ ಆಟೊ ಸ್ಟ್ಯಾಂಡಿನವರು ಮೇಲೆ ನೋಡುತ್ತಿದ್ದರು. ಆಸ್ಪತ್ರೆಯ ಶರ್ಟು ಮೈಮೇಲಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

"ಯಾಕ್ ಗುರು, ಡೇಟ್ ಮುಗೀತಾ?" ಎಂದು ಒಬ್ಬ ಕೂಗಿದ.

ಮುಗೀತು ಅಂದೆ. ಚಿತ್ರದ ಹಣೆಯ ಮೇಲ್ಗಡೆಯಿಂದ ಬ್ಲೇಡ್ ಎಳೆಯುತ್ತಾ ಬಂದೆ. ಅವಳ ಮುಖಕ್ಕೆ ಎಲ್ಲೂ ಗಾಯವಾಗದಂತೆ ಸುತ್ತು ಹಾಕಿ ಕತ್ತರಿಸಿದೆ. ಉಳಿದದ್ದು ನನ್ನ ಸಾಲು. ಅದನ್ನು ನೀಟಾಗಿ ಕತ್ತರಿಸುವ ಗೊಡವೆಗೆ ಹೋಗಲಿಲ್ಲ, ಹಿಡಿದು ಹರಿದೆ.

ಸುತ್ತಿದ ಫ್ಲೆಕ್ಸನ್ನು ಮೊಪೆಡ್ಡಿಗೆ ಕಟ್ಟಿ ಹೊರಮಾವಿಗೆ ತಂದೆ. ಶೀಟಿನ ಮನೆಗಳ ಮುಂದೆ, ಹೆಂಗಸರು ಬಟ್ಟೆ ಒಗೆಯುವ ಜಾಗದಲ್ಲಿ ಬಿಚ್ಚಿ ಹಾಸಿದೆ. ಅತ್ತೆ ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ, ಪೊರಕೆಯ ಕಡ್ಡಿ ತಂದಳು. ಸೊಸೆಯನ್ನು ಹೊಸಲಲ್ಲಿ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಇಳಿ ತೆಗೆದು, ಕಂಡ ಕಣ್ಣು, ಕಾಣದ ಕಣ್ಣು, ಬಸ್ಸಿನ ಕಣ್ಣು, ಲಾರಿಯ ಕಣ್ಣು ಎಂದು ಒಂದೊಂದನ್ನೂ ಹೆಸರಿಟ್ಟು ಉಗಿದಳು. ಸೊಸೆಯ ನೋಟ ಮಾತ್ರ ನೆಲದ ಮೇಲಿನ ಮುಖದಲ್ಲೇ ನೆಟ್ಟಿತ್ತು. ನನಗೆ ಮಾತ್ರ ಕೇಳುವಂತೆ ಅಂದಳು:

"ನಾ ಅಷ್ಟು ಚಂದ ನಗತೀನೇನ್ರೀ ಅಣ್ಣಾ?"

ನಾನು ಹೂಂ ಅನ್ನುವಷ್ಟರಲ್ಲಿ ಅತ್ತೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಳು. ಫ್ಲೆಕ್ಸ್ ಸುಡುವ ನಾತವೂ ಮೆಣಸಿನಕಾಯಿಯ ಘಾಟೂ ಸೇರಿ ಇಡೀ ಸಾಲು ಕೆಮ್ಮಿತು. ಕೆಮ್ಮು ಬಂತಲ್ಲ, ದೃಷ್ಟಿ ಹೆಚ್ಚಿಲ್ಲ ಎಂದು ಅತ್ತೆ ಸಮಾಧಾನಪಟ್ಟುಕೊಂಡಳು. ಆ ಸೊಸೆ ನಗುವುದು ಎಷ್ಟು ಚಂದ ಎಂದು ಅವಳಿಗೇ ತೋರಿಸಿದ ಚಿತ್ರ ಅದೊಂದೇ, ಅದನ್ನೂ ಸುಡಬೇಕಾಯಿತು. ಇದಕ್ಕೂ ಆ ಆಸ್ಪತ್ರೆಯವರೇ ಹೊಣೆ.

ಅತ್ತೆ ಚೀಲ ಬಿಚ್ಚಿ ಪಾತ್ರೆಗಳನ್ನು ಮತ್ತೆ ಜೋಡಿಸಿದಳು. ರೈಲು ಹತ್ತಂಗಿಲ್ಲ, ಆದ್ರ ನಿಮ್ಮ ದವಾಖಾನಿ ಬಾಗಿಲಾನೂ ತುಳಿಯಂಗಿಲ್ಲ ಅಂದಳು. ನಾನೂ ಬನ್ನಿ ಅನ್ನಲಿಲ್ಲ. ಅಲ್ಲೇ ಆಸ್ಪತ್ರೆಯ ಶರ್ಟು ಬಿಚ್ಚಿ ಆರುತ್ತಿದ್ದ ಬೆಂಕಿಗೆ ಹಾಕಿ, ಬನಿಯನ್ನಿನಲ್ಲೇ ಮನೆಗೆ ಹೋದೆ.

ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಎಂದು ಮ್ಯಾನೇಜರ್ ಫೋನಿನಲ್ಲಿ ಹಾರಾಡಿದ. ಕೊಡಿ, ಸ್ಟೇಷನ್ನಿಗೆ ಆ ಅತ್ತೆಯನ್ನೂ ಕರೆತರುತ್ತೇನೆ, ನಿಮ್ಮ ತಾಯಿಯವರನ್ನೂ ಕರೆತನ್ನಿ ಎಂದೆ. ಕೊಡಲಿಲ್ಲ. ಕೆಲಸ ಹೋಯಿತು ಎಂದು ಅವರು ಹೇಳುವ ಮೊದಲೇ ನಾನು ಬಿಟ್ಟಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಅವಳು ತಲೆನೋವು ಎಂದಳಂತೆ. ಗಂಡ ಓಡಿ ಬಂದು ಕರೆದ. ಡಾಕ್ಟರಮ್ಮನ ಮಾತು ನೆನಪಿತ್ತು, ತಡಮಾಡಲಿಲ್ಲ. ಆಟೊದಲ್ಲಿ ಅತ್ತೆ, ಅವಳು, ಅವಳ ಗಂಡ. ಡ್ರೈವರನ ಪಕ್ಕ ನಾನು. ಹಳೇ ಮದ್ರಾಸ್ ರಸ್ತೆ ಹಿಡಿದು ನಮ್ಮ ಕೆ.ಆರ್. ಪುರದ ಬ್ರಾಂಚ್ ದಾಟಿದೆವು. ಇಂದಿರಾನಗರದ ಗಾಜಿನ ಕಟ್ಟಡಕ್ಕೆ ತಿರುಗುವ ರಸ್ತೆಯನ್ನೂ ದಾಟಿದೆವು. ಅಲ್ಲಿಗೇ ಹೋಗಿದ್ದರೆ ಬೇಗ ಆಗುತ್ತಿತ್ತು ಎಂದುಕೊಳ್ಳುತ್ತಾ, ಇನ್ನೂ ಜೋರಾಗಿ ಓಡಿಸು ಎಂದು ಡ್ರೈವರನಿಗೆ ಹೇಳಿದೆ. ಅಷ್ಟು ವರ್ಷ ಹೆಂಗಸರನ್ನು ಆ ಬಾಗಿಲಿಗೆ ಕರೆದೊಯ್ದವನು, ಈಗ ಬಾಗಿಲು ದಾಟಿಸಿಕೊಂಡು ಓಡುತ್ತಿದ್ದೇನೆ. ಅವಳಿಗೆ ಏನಾದರೂ ಆಗಿದ್ದರೆ ನಾನು ಆ ಗಾಜನ್ನು ಉಳಿಸುತ್ತಿರಲಿಲ್ಲ.

ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಜನವೋ ಜನ. ಬೈಯುತ್ತಲೇ ಬಂದ ಆಯಾ ಅವಳ ಕಾಲಿನ ಬಾವು ನೋಡಿ ಬೈಗುಳ ನಿಲ್ಲಿಸಿ ಒಳಗೆ ಓಡಿದಳು. ಡಾಕ್ಟರುಗಳು ಬಂದರು, ಸೂಜಿ ಹಾಕಿದರು, ಒಳಗೆ ಕರೆದೊಯ್ದರು. ಬಾಗಿಲಲ್ಲಿ ಗಂಡಸರನ್ನು ತಡೆಯುವವನು ನನ್ನನ್ನು, ನೀವ್ಯಾರು ಎಂದು ಕೇಳಿದ. ಅತ್ತೆ ತಿರುಗಿ ನೋಡದೆ, "ನಮ್ಮೋರು, ಬಿಡ್ರಿ," ಅಂದಳು. ಸಂಜೆಯ ಬೆಳಕಿರುವಾಗಲೇ ಹೆಣ್ಣುಮಗು ಹುಟ್ಟಿತು. ಕಾರಿಡಾರಿಗೆ ಕೇಳುವಷ್ಟು ಜೋರಾಗಿ ಅತ್ತಿತು. ತಾಯಿಯೂ ಉಳಿದಳು.

ಮ್ಯಾನೇಜರನ ಹೆಂಡತಿಗೂ ಅದೇ ಸುಮಾರಿಗೆ ಹೆರಿಗೆಯಾಯಿತು ಎಂದು ಖಾಲಾ ಹೇಳಿದಳು. ಆ ತಾಯಿಯ ಮುಖ ಯಾವ ರಸ್ತೆಯಲ್ಲೂ ಬರಲಿಲ್ಲ. ಬರಬಾರದು ಕೂಡ. ಬಸ್ ಸ್ಟಾಪಿನ ಹೋರ್ಡಿಂಗಿಗೆ ಹೊಸ ಫ್ಲೆಕ್ಸ್ ಬಂತು: ಕೂಲಿಗೆ ನಗುವ ಯಾವಳೋ ಮಾಡೆಲ್ಲು, ಕೆಳಗೆ ಮತ್ತೆ ನನ್ನ ಸಾಲು. ಅದನ್ನು ತೆಗೆಯಿರಿ, ಅದು ನನ್ನದು ಎಂದು ಹೇಳಿಕಳಿಸಿದೆ. ಅದು ಬ್ರ್ಯಾಂಡಿಗೆ ಸೇರಿದ್ದು ಎಂದು ಉತ್ತರ ಬಂತು.

ಹಲಸೂರಿನ ಗೋಡೆ ಮಾತ್ರ ಉಳಿದಿತ್ತು, ಬಿಸಿಲಿಗೆ ಮಾಸದೆ. ಒಂದು ಭಾನುವಾರ ಸುಣ್ಣದ ಬಕೆಟ್ಟು, ಬ್ರಷ್ಷು ತೆಗೆದುಕೊಂಡು ಹೋದೆ. ಮನೆಯ ಯಜಮಾನರು ಹೊರಗೆ ಬಂದು, ಚೆನ್ನಾಗಿತ್ತಲ್ರೀ, ಯಾಕ್ರೀ ಅಳಿಸ್ತೀರಾ ಎಂದರು. ಸುಳ್ಳಾಗಿದೆ ಸಾರ್ ಎಂದೆ. ಒಂದು ಕೈ ಸುಣ್ಣ ಬಳಿದೆ, 'ತವರು' ಹಾಗೇ ಕಾಣುತ್ತಿತ್ತು. ಒಣಗಲು ಬಿಟ್ಟು ಇನ್ನೊಂದು ಕೈ ಬಳಿದೆ. ಆಗಲೂ ನೀಲಿ ಒಳಗಿನಿಂದ ಇಣುಕುತ್ತಿತ್ತು. ನಾನು ಹಾಕಿದ್ದು ಒಳ್ಳೇ ಬಣ್ಣ, ಮುಚ್ಚಿದರೆ ಮುಚ್ಚಿಕೊಳ್ಳುವಂಥದ್ದಲ್ಲ. ಕೊನೆಗೆ ಯಜಮಾನರ ಹತ್ತಿರ ಒಂದು ಉಳಿ ಕೇಳಿ ತೆಗೆದುಕೊಂಡು ಅಕ್ಷರ ಅಕ್ಷರವನ್ನೂ ಕೆರೆದು ತೆಗೆದೆ.